"ಆಯ್ತು" ಎಂದರೆ ಸಾಲದು

ಫೋನಿನ ಗುಂಪಿನ ಮಾತನ್ನು ಕೆಲಸದ ಪುಸ್ತಕಕ್ಕೆ ಜೋಡಿಸುವ ಬಗೆ: ವಾಡಿ ಸೀಮೆಯಿಂದ ನಮ್ಮ ಸಂಘಗಳಿಗೊಂದು ಪಾಠ



ನಮ್ಮ ಸಂಘಗಳ ದಿನನಿತ್ಯದ ವ್ಯವಹಾರವೆಲ್ಲ ಈಗ ಮೊಬೈಲ್ ಫೋನಿನ ಗುಂಪಿಗೆ ಬಂದು ಸೇರಿದೆ. ಗೊಬ್ಬರದ ಲಾರಿ ಬಂದ ಸುದ್ದಿ, ರಾಶಿ ಅಡಿಕೆಯ ಧಾರಣೆ, ರೊಬಸ್ಟಾ ಚೆರಿಯ ದರ, ಮಹಾಸಭೆಯ ತಿಳಿವಳಿಕೆ, ಊರಿನ ಮದುವೆ ಮರಣಗಳ ವಾರ್ತೆ, ಎಲ್ಲವೂ ಒಂದೇ ಗುಂಪಿನಲ್ಲಿ ಒಂದರ ಹಿಂದೊಂದು ಹರಿದುಹೋಗುತ್ತವೆ. ಇದರಿಂದ ಅನುಕೂಲವಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಹಿಂದೆ ಒಂದು ಸುತ್ತೋಲೆ ಎಲ್ಲ ಸದಸ್ಯರ ಕೈ ಸೇರಬೇಕಾದರೆ ವಾರ ಹಿಡಿಯುತ್ತಿತ್ತು. ಈಗ ನಿಮಿಷ ಸಾಕು.

ಆದರೆ ಸುದ್ದಿ ಮುಟ್ಟುವುದು ಬೇರೆ, ಕೆಲಸ ಆಗುವುದು ಬೇರೆ. ಮೇ ತಿಂಗಳ ಕೊನೆಯಲ್ಲಿ ಒಬ್ಬ ಸದಸ್ಯರು ಗುಂಪಿನಲ್ಲಿ "ಸೋಮವಾರ ನಮ್ಮ ತೋಟಕ್ಕೆ ಔಷಧಿ ಹೊಡೆಯುವ ತಂಡ ಬೇಕಿತ್ತು" ಎಂದು ಬರೆಯುತ್ತಾರೆನ್ನೋಣ. ಸಂಘದ ಕಡೆಯಿಂದ ಯಾರೋ ಒಬ್ಬರು "ಆಯ್ತು" ಎನ್ನುತ್ತಾರೆ. ಅದರ ಮೇಲೆ ಐವತ್ತು ಸಂದೇಶಗಳು ಬಂದು ಬೀಳುತ್ತವೆ. ಸೋಮವಾರ ಬೆಳಿಗ್ಗೆ ಯಜಮಾನರು ಮೈಲುತುತ್ತು ಕರಗಿಸಿ, ಸುಣ್ಣದ ತಿಳಿ ಸಿದ್ಧಮಾಡಿ ಕಾದು ಕುಳಿತರೆ ಯಾರೂ ಬರುವುದಿಲ್ಲ. ವಿಚಾರಿಸಿದಾಗ ಕಾರ್ಯದರ್ಶಿಗಳು ತಂಡದ ಮೇಸ್ತ್ರಿಗೆ ಗೊತ್ತಿದೆ ಎಂದುಕೊಂಡಿದ್ದರು; ಮೇಸ್ತ್ರಿ ಕಾರ್ಯದರ್ಶಿಗಳು ಫೋನು ಮಾಡುತ್ತಾರೆ ಎಂದುಕೊಂಡಿದ್ದ. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಕೆಲಸಗಳ್ಳರಲ್ಲ. ಆದರೂ ಕೆಲಸ ಕೆಟ್ಟಿತು.

ಬೋರ್ಡೋ ದ್ರಾವಣ ಮಾಡಿದ ದಿನವೇ ಬಳಸಬೇಕಾದದ್ದು ಎಂಬುದನ್ನು ನಾವು ಹೇಳಬೇಕಾಗಿಲ್ಲ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ಮಕ್ಕಳಿಗೂ ಬಾಯಿಪಾಠ. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನ, ಎರಡನೆಯದು 40-45 ದಿನಗಳ ನಂತರ. ಮೊದಲನೆಯದು ತಪ್ಪಿ ಮಳೆ ಹಿಡಿಯಿತೆಂದರೆ ಕೊಳೆರೋಗಕ್ಕೆ ಬಾಗಿಲು ತೆರೆದಂತೆಯೇ. ಉದುರಿದ ಕಾಯಿ ಮತ್ತೆ ಗೊನೆಗೆ ಅಂಟುವುದಿಲ್ಲ. ಆದ್ದರಿಂದ ಗುಂಪಿನಲ್ಲಿ ಕಳೆದುಹೋದ ಒಂದು ಮಾತಿನ ಬೆಲೆ ಒಂದು ವರ್ಷದ ಫಸಲಿನ ಒಂದು ಪಾಲು ಎಂದರೆ ಹೆಚ್ಚು ಹೇಳಿದಂತಾಗದು.

ಈ ತೊಂದರೆಗೆ ಮದ್ದು ಇದೆ. ಮಾತಾಡುವ ಗುಂಪನ್ನೂ ಕೆಲಸದ ಪಟ್ಟಿಯನ್ನೂ ಒಂದಕ್ಕೊಂದು ಜೋಡಿಸುವ ಗಣಕ ತಂತ್ರಾಂಶಗಳು ಬಂದು ಹಲವು ವರ್ಷಗಳಾದವು. ಅವುಗಳ ವಿಚಾರ ಹೇಳುವ ಮೊದಲು, ಅದೇ ತತ್ವವನ್ನು ತಂತ್ರಾಂಶ ಹುಟ್ಟುವುದಕ್ಕೆ ಬಹಳ ಮುಂಚೆಯೇ ರೂಢಿಗೆ ತಂದ ಒಂದು ವ್ಯವಸ್ಥೆಯನ್ನು ಓದುಗರಿಗೆ ಪರಿಚಯಿಸುತ್ತೇವೆ. ಅದಕ್ಕಾಗಿ ಮಲೆನಾಡನ್ನು ಬಿಟ್ಟು ತುಸು ದೂರ, ಕಲಬುರಗಿ ಜಿಲ್ಲೆಯ ಬಿಸಿಲು ಸೀಮೆಗೆ ಹೋಗಬೇಕು.

ತೋಟದ ಪತ್ರಿಕೆಯಲ್ಲಿ ತೊಗರಿ ಸೀಮೆ ಏಕೆ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಈ ಹೆಸರುಗಳು ನಮ್ಮ ಓದುಗರಿಗೆ ದೂರದವು ಎನಿಸಬಹುದು. ಅಲ್ಲಿ ಅಡಿಕೆ ಮರವಿಲ್ಲ, ಕಾಫಿ ಗಿಡವಿಲ್ಲ. ಕಪ್ಪು ಮಣ್ಣು, ಅದರ ಅಡಿಯಲ್ಲಿ ಸುಣ್ಣದ ಕಲ್ಲು, ಮೇಲೆ ತೊಗರಿ. ಆದರೂ ಆ ಸೀಮೆ ನಮ್ಮ ಮನೆಯೊಳಗೇ ಇದೆ. ನಮ್ಮ ಎಷ್ಟೋ ಹಳೆಯ ಮನೆಗಳ, ಕಚೇರಿಗಳ, ಗೋದಾಮುಗಳ ನೆಲಕ್ಕೆ ಹಾಸಿದ ನುಣುಪು ಚಪ್ಪಡಿ ಶಹಾಬಾದಿನ ಹೆಸರನ್ನೇ ಹೊತ್ತದ್ದು. ಕಾಫಿ ಕಣಕ್ಕೆ, ಅಡಿಕೆ ಅಂಗಳಕ್ಕೆ ಬಳಸಿದ ಸಿಮೆಂಟಿನ ಮೂಟೆ ವಾಡಿಯದೋ ಸೇಡಂ ಕಡೆಯದೋ ಆಗಿರಬಹುದು. ಸುಣ್ಣದ ಕಲ್ಲು ಹೇರಳವಾಗಿರುವುದರಿಂದ ಆ ಭಾಗದಲ್ಲಿ ಸಿಮೆಂಟು ಕಾರ್ಖಾನೆಗಳು ಒತ್ತೊತ್ತಾಗಿವೆ. ಮಧ್ಯಾಹ್ನದ ಸಾರಿಗೆ ಬೆಂದ ಬೇಳೆಯ ಮಾತಂತೂ ಕೇಳಬೇಕಿಲ್ಲ: ಗುಲ್ಬರ್ಗ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ.

ಈ ಐದು ಊರುಗಳ ನಡುವೆ ವಾಡಿಗೆ ಒಂದು ವಿಶೇಷವಿದೆ. ಮುಂಬಯಿ ಕಡೆಯಿಂದ ಬಂದ ರೈಲುದಾರಿಯೂ ಮದರಾಸಿನ ಕಡೆಯಿಂದ ಬಂದ ರೈಲುದಾರಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. ಆ ದಾರಿಯಲ್ಲಿ ಶಹಾಬಾದೂ ವಾಡಿಯೂ ಇವೆ. ಬಳಿಕ 1874ರಲ್ಲಿ ನಿಜಾಮರ ರಾಜ್ಯದ ರೈಲು ವಾಡಿಯಿಂದ ಕವಲೊಡೆದು ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ ಓಡಲಾರಂಭಿಸಿತು. ಅಂದಿನಿಂದ ವಾಡಿ ಜಂಕ್ಷನ್. ಮೂರು ದಿಕ್ಕಿನ ಪ್ರಯಾಣಿಕರ ಗಾಡಿಗಳು, ಸಿಮೆಂಟು ಹೊತ್ತ ಗೂಡ್ಸ್ ಗಾಡಿಗಳು, ಕಲ್ಲಿದ್ದಲು ಇಳಿಸಿ ಖಾಲಿ ಮರಳುವ ವ್ಯಾಗನ್ನುಗಳು, ಎಲ್ಲವೂ ಇಲ್ಲಿ ದಾರಿ ಹಂಚಿಕೊಳ್ಳಬೇಕು. ಚಿಂಚೋಳಿಗೆ ಮಾತ್ರ ರೈಲಿಲ್ಲ. ಅಲ್ಲಿಯ ಸರಕು ಲಾರಿಯನ್ನೇ ನಂಬಿದೆ.

ಇಂಥ ಜಂಕ್ಷನ್ನಿನಲ್ಲಿ ಒಬ್ಬರು "ಬಿಡಿ" ಎಂದದ್ದು ಇನ್ನೊಬ್ಬರಿಗೆ "ತಡೆಯಿರಿ" ಎಂದು ಕೇಳಿಸಿದರೆ ಏನಾದೀತೆಂದು ಊಹಿಸಿಕೊಳ್ಳಿ. ನಮ್ಮಲ್ಲಿ ಮಾತು ತಪ್ಪಿದರೆ ಗೊನೆ ಉದುರುತ್ತದೆ. ಅಲ್ಲಿ ತಪ್ಪಿದರೆ ಪ್ರಾಣ ಹೋಗುತ್ತದೆ. ಆದ್ದರಿಂದಲೇ ರೈಲ್ವೆಯವರು ಮಾತಿನ ವಿಷಯದಲ್ಲಿ ನಮಗಿಂತ ಬಹಳ ಹಿಂದೆಯೇ ಬಿಗಿಯಾದರು.

ರೈಲ್ವೆಯವರ ಗುಟ್ಟಿನ ನಂಬರು

ಎರಡು ಸ್ಟೇಷನ್ನುಗಳ ನಡುವಿನ ಹಳಿಯ ತುಂಡಿಗೆ ರೈಲ್ವೆ ಭಾಷೆಯಲ್ಲಿ ಬ್ಲಾಕ್ ಸೆಕ್ಷನ್ ಎನ್ನುತ್ತಾರೆ. ಆ ತುಂಡಿನಲ್ಲಿ ಒಂದು ಹಳಿಯ ಮೇಲೆ ಒಂದು ಹೊತ್ತಿಗೆ ಒಂದೇ ಗಾಡಿ ಇರತಕ್ಕದ್ದು ಎಂಬುದು ಮೂಲ ನಿಯಮ. ಗಾಡಿ ಬಿಡುವ ಮೊದಲು ಈ ಸ್ಟೇಷನ್ ಮಾಸ್ತರರು ಮುಂದಿನ ಸ್ಟೇಷನ್ ಮಾಸ್ತರರಿಂದ "ದಾರಿ ಖಾಲಿ ಇದೆ, ಕಳುಹಿಸಿ" ಎಂಬ ಒಪ್ಪಿಗೆ ಪಡೆಯಬೇಕು. ಇದಕ್ಕೆ ಲೈನ್ ಕ್ಲಿಯರ್ ಎಂದು ಹೆಸರು. ಮೊದಲಿಗೆ ಈ ಒಪ್ಪಿಗೆ ತಂತಿಯ ಮೂಲಕ ಬರುತ್ತಿತ್ತು. ನಂತರ ಎರಡು ಸ್ಟೇಷನ್ನುಗಳನ್ನು ಜೋಡಿಸುವ ಬ್ಲಾಕ್ ಯಂತ್ರಗಳು ಬಂದವು. ಒಂಟಿ ಹಳಿಯ ಕಡೆ, ಯಂತ್ರದಿಂದ ಹೊರಬಂದ ಕಬ್ಬಿಣದ ಗುಂಡನ್ನು ಚೀಲದಲ್ಲಿಟ್ಟು, ದೊಡ್ಡ ಬಳೆಗೆ ಕಟ್ಟಿ, ಚಾಲಕನ ಕೈಗೆ ಕೊಡುತ್ತಿದ್ದುದನ್ನು ಹಿರಿಯ ಓದುಗರು ನೋಡಿರಬಹುದು. ಆ ಗುಂಡು ಕೈಯಲ್ಲಿ ಇಲ್ಲದೆ ಚಾಲಕ ಗಾಡಿ ಎತ್ತುವಂತಿರಲಿಲ್ಲ.

ಯಂತ್ರ ಕೆಟ್ಟರೆ? ಆಗ ಟೆಲಿಫೋನಿನ ಮೇಲೆಯೇ ಒಪ್ಪಿಗೆ ಪಡೆಯಬೇಕು. ಆದರೆ ಟೆಲಿಫೋನಿನಲ್ಲಿ "ಆಯ್ತು, ಕಳಿಸಿ" ಎಂದರೆ ಸಾಲದು. ಪ್ರತಿಯೊಬ್ಬ ಸ್ಟೇಷನ್ ಮಾಸ್ತರರ ಬಳಿಯೂ ಪ್ರೈವೇಟ್ ನಂಬರುಗಳ ಒಂದು ಹಾಳೆಯಿರುತ್ತದೆ. ಅದರಲ್ಲಿನ ಅಂಕಿಗಳು ಒಂದು, ಎರಡು, ಮೂರು ಎಂಬ ಕ್ರಮದಲ್ಲಿರುವುದಿಲ್ಲ, ಹಿಂದುಮುಂದಾಗಿರುತ್ತವೆ. ಆ ಕಡೆಯವರು ಒಪ್ಪಿಗೆಯ ಮಾತಿನ ಜೊತೆಗೆ ತಮ್ಮ ಹಾಳೆಯ ಮುಂದಿನ ಅಂಕಿಯನ್ನು ಹೇಳಿ, ಅದನ್ನು ಹೊಡೆದುಹಾಕುತ್ತಾರೆ. ಈ ಕಡೆಯವರು ಆ ಅಂಕಿಯನ್ನು ಕೇಳಿ, ಗಾಡಿಯ ನಂಬರು ಮತ್ತು ಗಂಟೆ ನಿಮಿಷಗಳ ಸಮೇತ ತಮ್ಮ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾರೆ. ಆನಂತರವೇ ಚಾಲಕನಿಗೆ ಬರಹದ ಚೀಟಿ.

ಇದರ ಯುಕ್ತಿಯನ್ನು ಗಮನಿಸಬೇಕು. ಅಂಕಿಗಳು ಕ್ರಮವಾಗಿಲ್ಲದ ಕಾರಣ ಮುಂದಿನ ಅಂಕಿ ಯಾವುದೆಂದು ಈ ಕಡೆಯವರು ಊಹಿಸಲಾರರು. ಹಾಗಾಗಿ ಆ ಅಂಕಿ ಈ ರಿಜಿಸ್ಟರಿನಲ್ಲಿ ಇದೆಯೆಂದರೆ ಮಾತುಕತೆ ನಿಜಕ್ಕೂ ನಡೆದಿದೆ, ಆ ಕಡೆಯವರು ನಿಜಕ್ಕೂ ಒಪ್ಪಿದ್ದಾರೆ ಎಂದೇ ಅರ್ಥ. ಅಂಕಿಯೊಂದು ಮಾತನ್ನೂ ಪುಸ್ತಕವನ್ನೂ ಗಂಟು ಹಾಕಿತು. "ನಾನು ಹೇಳಿದ್ದೆ", "ನನಗೆ ಕೇಳಿಸಲಿಲ್ಲ" ಎಂಬ ತಕರಾರಿಗೆ ಅಲ್ಲಿ ಎಡೆಯಿಲ್ಲ.

ಸಿಗ್ನಲ್ಲಿನ ಜೊತೆ ಜೋಡಣೆಯಿಲ್ಲದ ಕಾವಲು ಗೇಟುಗಳಲ್ಲಿಯೂ ಇದೇ ಪದ್ಧತಿ. ಗೇಟು ಹಾಕಿದ್ದೇನೆ ಎಂದು ಗೇಟ್‌ಮನ್ ಫೋನಿನಲ್ಲಿ ಹೇಳಿದ ಮಾತ್ರಕ್ಕೆ ಸ್ಟೇಷನ್ ಮಾಸ್ತರರು ಸಿಗ್ನಲ್ ಕೊಡುವುದಿಲ್ಲ. ಗೇಟ್‌ಮನ್ ತನ್ನ ಹಾಳೆಯ ಅಂಕಿಯನ್ನು ಹೇಳಬೇಕು, ಅದು ಪುಸ್ತಕಕ್ಕೆ ಏರಬೇಕು. ಹುದ್ದೆಯಲ್ಲಿ ಗೇಟ್‌ಮನ್ ಚಿಕ್ಕವನಿರಬಹುದು. ಆದರೆ ಅವನ ಅಂಕಿ ಇಲ್ಲದೆ ದೊಡ್ಡ ಗಾಡಿಯೂ ಕದಲದು. ನಮ್ಮ ಸಹಕಾರ ತತ್ವಕ್ಕೆ ಇದು ಬಹಳ ಹತ್ತಿರವಾದ ಮಾತು ಎಂದು ನಮ್ಮ ಭಾವನೆ.

ಈಗ ಬಹುಪಾಲು ಕೆಲಸ ವಿದ್ಯುತ್ ಸಿಗ್ನಲ್ಲಿನಿಂದಲೂ ಗಣಕಯಂತ್ರದಿಂದಲೂ ನಡೆಯುತ್ತದೆ. ಹಿಂದೆ ಕಂಟ್ರೋಲ್ ಕಚೇರಿಯಲ್ಲಿ ಕುಳಿತ ಅಧಿಕಾರಿಗಳು ಸ್ಟೇಷನ್ನುಗಳಿಂದ ಫೋನಿನಲ್ಲಿ ಕೇಳಿದ ಸಮಯಗಳನ್ನು ಪೆನ್ಸಿಲ್ಲಿನಿಂದ ದೊಡ್ಡ ನಕ್ಷೆಯ ಹಾಳೆಯಲ್ಲಿ ಗೆರೆ ಎಳೆದು ಗುರುತಿಸುತ್ತಿದ್ದರು. ಇಂದು ಅದೇ ನಕ್ಷೆ ಗಣಕದ ಪರದೆಯ ಮೇಲಿದೆ. ಅಲ್ಲಿ ದಾಖಲಾದ ಸಮಯವೇ ಪ್ರಯಾಣಿಕರು ಫೋನಿನಲ್ಲಿ ನೋಡುವ "ಗಾಡಿ ಎಲ್ಲಿದೆ" ಎಂಬ ಮಾಹಿತಿಗೂ ಆಧಾರ. ಸೇಡಂ ಸ್ಟೇಷನ್ನಿನಲ್ಲಿ ನೆಂಟರಿಗಾಗಿ ಕಾಯುವವರು ಯಾರನ್ನೂ ಕೇಳದೆ, ಗಾಡಿ ಎಷ್ಟು ತಡ ಎಂದು ತಿಳಿಯುತ್ತಾರೆ. ಒಮ್ಮೆ ಬರೆದದ್ದು ಹಲವು ಕಡೆ ತಾನಾಗಿ ಮಾತಾಡುತ್ತದೆ. ನಾವು ಹೇಳಹೊರಟಿರುವ ಜೋಡಣೆಯ ತಿರುಳು ಇಷ್ಟೇ.

ತಂತ್ರಾಂಶ ಮಾಡುವುದೇನು?

ಇನ್ನು ತಂತ್ರಾಂಶದ ಮಾತಿಗೆ ಬರೋಣ. ಇಲ್ಲಿ ಎರಡು ಜಾತಿಯವುಗಳಿವೆ.

ಮೊದಲನೆಯದು ಮಾತಿನ ಗುಂಪು. ನಮಗೆ ಗೊತ್ತಿರುವ ವಾಟ್ಸಾಪ್, ಟೆಲಿಗ್ರಾಂಗಳ ಹಾಗೆ ಕಚೇರಿಗಳಿಗೆಂದೇ ಮಾಡಿದ ಗುಂಪುಗಳಿವೆ. ಸ್ಲ್ಯಾಕ್ ಎಂಬುದು 2014ರಲ್ಲಿ ಸಾರ್ವಜನಿಕರ ಬಳಕೆಗೆ ಬಂತು. ಮೈಕ್ರೋಸಾಫ್ಟ್ ಕಂಪನಿಯ ಟೀಮ್ಸ್ 2017ರಲ್ಲಿ ಬಂತು.

ಎರಡನೆಯದು ಕೆಲಸದ ಪಟ್ಟಿ. ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ. ಚೀಟಿಯ ಮೇಲೆ ಏನು ಕೆಲಸ, ಯಾರ ಹೊಣೆ, ಯಾವ ದಿನದೊಳಗೆ ಎಂಬ ವಿವರ. ಕೆಲಸ ಮುಂದುವರಿದಂತೆ ಚೀಟಿ "ಬಂದದ್ದು" ಎಂಬ ಕಂಬದಿಂದ "ನಡೆಯುತ್ತಿರುವುದು" ಎಂಬ ಕಂಬಕ್ಕೆ, ಅಲ್ಲಿಂದ "ಮುಗಿದದ್ದು" ಎಂಬ ಕಂಬಕ್ಕೆ ಸರಿಯುತ್ತದೆ. ಜಪಾನಿನ ಟೊಯೋಟ ಕಾರು ಕಾರ್ಖಾನೆಯಲ್ಲಿ ತೈಇಚಿ ಓನೊ ಎಂಬ ಇಂಜಿನಿಯರು ಬಳಕೆಗೆ ತಂದ ಚೀಟಿ ಪದ್ಧತಿಯಿಂದ ಈ ಕ್ರಮ ಸ್ಫೂರ್ತಿ ಪಡೆಯಿತು. ಅಲ್ಲಿ ಅದಕ್ಕೆ ಕಾನ್‌ಬಾನ್ ಎಂದು ಹೆಸರು. 2011ರಲ್ಲಿ ಬಂದ ಟ್ರೆಲೊ ಎಂಬುದು ಇಂಥ ಪಟ್ಟಿಯನ್ನು ಯಾರು ಬೇಕಾದರೂ ಬಳಸುವಷ್ಟು ಸುಲಭ ಮಾಡಿತು. ಚೆನ್ನೈನಲ್ಲಿ ನೆಲೆಯಿರುವ ಜೋಹೋ ಕಂಪನಿ ಗುಂಪನ್ನೂ ಪಟ್ಟಿಯನ್ನೂ ಎರಡನ್ನೂ ಮಾಡುತ್ತದೆ.

ಇವೆರಡೂ ಬೇರೆಬೇರೆಯಾಗಿ ಇದ್ದರೆ ಏನಾಗುತ್ತದೆ? ಗುಂಪಿನಲ್ಲಿ ಹೇಳಿದ್ದನ್ನು ಪಟ್ಟಿಯಲ್ಲಿ ಇನ್ನೊಮ್ಮೆ ಬರೆಯಬೇಕು. ಎರಡು ಸಲ ಬರೆಯುವ ಕೆಲಸ ಹಂಗಾಮಿನ ಒತ್ತಡದಲ್ಲಿ ನಿಂತೇಹೋಗುತ್ತದೆ. ಪಟ್ಟಿ ಹಳತಾಗುತ್ತದೆ, ಪಟ್ಟಿ ಹಳತಾದರೆ ಯಾರೂ ಅದನ್ನು ನಂಬುವುದಿಲ್ಲ, ಮತ್ತೆ ಎಲ್ಲರೂ ಗುಂಪಿನಲ್ಲಿಯೇ "ನಮ್ಮ ಕೆಲಸ ಎಲ್ಲಿಗೆ ಬಂತು?" ಎಂದು ಕೇಳತೊಡಗುತ್ತಾರೆ.

ಜೋಡಣೆ ಮಾಡಿದಾಗ ಮೂರು ಅನುಕೂಲಗಳಿವೆ.

ಒಂದು, ಮಾತಿನಿಂದ ಪಟ್ಟಿಗೆ. ಗುಂಪಿನಲ್ಲಿ ಗೊತ್ತುಪಡಿಸಿದ ಒಂದು ಆಜ್ಞೆಯಿಂದ ಆರಂಭಿಸಿ ಬರೆದ ಸಾಲು ತಾನಾಗಿ ಪಟ್ಟಿಯಲ್ಲಿ ಒಂದು ಚೀಟಿಯಾಗುತ್ತದೆ.

ಎರಡು, ಪಟ್ಟಿಯಿಂದ ಮಾತಿಗೆ. ಚೀಟಿಯ ದಿನ ಬದಲಾದರೆ, ಹೊಣೆ ಬದಲಾದರೆ, ಕೆಲಸ ಮುಗಿದರೆ, ಆ ಸುದ್ದಿ ಗುಂಪಿಗೆ ತಾನಾಗಿ ಬರುತ್ತದೆ. ಇದಕ್ಕೆ ಬಳಸುವ ಏರ್ಪಾಡನ್ನು ವೆಬ್‌ಹುಕ್ ಎನ್ನುತ್ತಾರೆ. ಗೇಟು ತೆರೆದಾಗಲೆಲ್ಲ ಮನೆಯೊಳಗೆ ಗಂಟೆ ಬಾರಿಸುವಂತೆ ಹಗ್ಗ ಕಟ್ಟಿದ ಹಾಗೆ. ಪಟ್ಟಿಯಲ್ಲಿ ಏನಾದರೂ ಕದಲಿದರೆ ಗುಂಪಿನಲ್ಲಿ ಗಂಟೆ ಬಾರಿಸುತ್ತದೆ. ಗುಂಪಿನಲ್ಲಿ ಆ ಸುದ್ದಿ ಬರೆಯುವ ಕಾಣದ ಗುಮಾಸ್ತನಿಗೆ ಬಾಟ್ ಎಂದು ಹೆಸರು.

ಮೂರು, ಹಿಂದಿನ ಮಾತಿಗೆ ದಾರಿ. ಏನು ಮಾತಾಗಿ ಈ ಕೆಲಸ ಹುಟ್ಟಿತು ಎಂಬ ಮೂಲ ಸಂದೇಶದ ಕೊಂಡಿಯನ್ನು ಚೀಟಿಯಲ್ಲಿಯೇ ಇಡಬಹುದು. ಆರು ತಿಂಗಳ ನಂತರ ತಕರಾರು ಬಂದರೂ ಸಾವಿರ ಸಂದೇಶಗಳನ್ನು ತಡಕುವ ಪ್ರಮೇಯವಿಲ್ಲ.

ಇಲ್ಲಿ ಒಂದು ಅಡಚಣೆಯನ್ನು ಹೇಳಬೇಕು. ವಾಟ್ಸಾಪ್‌ನ ಸಾಮಾನ್ಯ ಗುಂಪಿಗೆ ಇಂಥ ಗುಮಾಸ್ತನನ್ನು ಸೇರಿಸುವುದು ಸುಲಭವಲ್ಲ. ವ್ಯಾಪಾರ ಸಂಸ್ಥೆಗಳಿಗೆಂದು ಅವರು ಬೇರೆ ಏರ್ಪಾಡು ಇಟ್ಟಿದ್ದಾರೆ. ಟೆಲಿಗ್ರಾಂ 2015ರಿಂದಲೇ ಬಾಟ್‌ಗಳಿಗೆ ಅವಕಾಶ ಕೊಟ್ಟಿದೆ. ಆದ್ದರಿಂದ ಊರ ಸುದ್ದಿಯೆಲ್ಲ ಈಗಿನ ವಾಟ್ಸಾಪ್ ಗುಂಪಿನಲ್ಲಿಯೇ ಇರಲಿ. ಕೆಲಸದ ಮಾತಿಗೆಂದು ಒಂದು ಪ್ರತ್ಯೇಕ ಗುಂಪು ತೆರೆದು ಅದನ್ನು ಪಟ್ಟಿಗೆ ಜೋಡಿಸುವುದು ಸರಳವಾದ ದಾರಿ.

ತೊಗರಿ ಖರೀದಿಯಲ್ಲಿ ನಂಬರಿನ ಮಹಿಮೆ

ಕೃಷಿಯ ಲೋಕಕ್ಕೆ ಈ ನಂಬರಿನ ಶಿಸ್ತು ಒಗ್ಗೀತೇ ಎಂದು ಕೇಳುವವರಿಗೆ ಅದೇ ಸೀಮೆಯ ಇನ್ನೊಂದು ಉದಾಹರಣೆ ಇದೆ. ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳಲ್ಲಿ ಮುಂಗಾರಿಗೆ ಬಿತ್ತಿದ ತೊಗರಿ ಡಿಸೆಂಬರ್, ಜನವರಿಯ ಹೊತ್ತಿಗೆ ರಾಶಿಯಾಗುತ್ತದೆ. ಬೆಂಬಲ ಬೆಲೆಯಲ್ಲಿ ಖರೀದಿ ನಡೆಯುವ ವರ್ಷಗಳಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳೇ ಬಹುಮಟ್ಟಿಗೆ ಖರೀದಿ ಕೇಂದ್ರಗಳು. ರೈತರು ತಮ್ಮ ಫ್ರೂಟ್ಸ್ ಗುರುತಿನ ಸಂಖ್ಯೆಯೊಂದಿಗೆ ಮೊದಲು ಹೆಸರು ನೋಂದಾಯಿಸಬೇಕು. ನೋಂದಣಿಯಾಗದ ಮಾಲನ್ನು ಕೇಂದ್ರ ಕೊಳ್ಳುವುದಿಲ್ಲ.

ಈ ಪದ್ಧತಿಯಲ್ಲಿ ಕೊರತೆಗಳಿಲ್ಲವೆಂದಲ್ಲ. ಚೀಲದ ಅಭಾವ, ಸರತಿಯ ಉದ್ದ, ಹಣ ಜಮಾ ಆಗುವ ವಿಳಂಬ ಇವು ತೊಗರಿ ಬೆಳೆಗಾರರು ವರ್ಷವರ್ಷವೂ ಆಡುವ ಮಾತುಗಳು. ಆದರೆ ಒಂದು ಗುಣವನ್ನು ಒಪ್ಪಲೇಬೇಕು. ಹೊಲದ ಸರ್ವೆ ನಂಬರು, ರೈತರ ಹೆಸರು, ಬ್ಯಾಂಕಿನ ಖಾತೆ ಒಂದೇ ಸಂಖ್ಯೆಗೆ ಅಂಟಿಕೊಂಡಿರುವುದರಿಂದ, ತೂಕ ಮಾಡಿದ ಮಾಲು ಯಾರದು, ಹಣ ಯಾರಿಗೆ ಎಂಬುದನ್ನು ಬಾಯಿಮಾತಿನಿಂದ ತೀರ್ಮಾನಿಸುವ ಅಗತ್ಯ ಬೀಳುವುದಿಲ್ಲ. ತಕರಾರು ಬಂದಾಗಲೂ ರೈತರು ಯಾವ ಹಂತದಲ್ಲಿ ನಿಂತಿದೆಯೆಂದು ನಂಬರು ಹಿಡಿದು ಕೇಳಬಲ್ಲರು.

ಕೇಂದ್ರ ಸರ್ಕಾರವು 2022ರ ಜೂನ್ ತಿಂಗಳಲ್ಲಿ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ಸಾಲ, ಠೇವಣಿ, ಲೆಕ್ಕಪತ್ರಗಳು ಹೀಗೆ ಗಣಕಕ್ಕೆ ಏರುತ್ತಿವೆ. ಆದರೆ ಇಂದು ಯಾವ ತೋಟಕ್ಕೆ ಯಾವ ತಂಡ, ನಾಳೆ ಯಾರ ಮನೆಗೆ ಯಾವ ಯಂತ್ರ ಎಂಬ ದಿನದಿನದ ಕೆಲಸ ಮಾತ್ರ ಇನ್ನೂ ಗುಂಪಿನ ಮಾತಿನಲ್ಲಿಯೇ ತೇಲುತ್ತಿದೆ. ಸದಸ್ಯರ ಅಸಮಾಧಾನ ಹೆಚ್ಚಾಗಿ ಹುಟ್ಟುವುದೂ ಅಲ್ಲಿಯೇ.

ನಮ್ಮ ಸಂಘದಲ್ಲಿ ಇದು ಹೇಗೆ?

ಒಂದು ಸಂಘದಲ್ಲಿ ಮೂರು ಸಿಂಪಡಣೆ ತಂಡಗಳಿವೆ ಎಂದು ಇಟ್ಟುಕೊಳ್ಳೋಣ. ಕೆಲಸದ ಗುಂಪಿನಲ್ಲಿ ಸದಸ್ಯರು ನಾಲ್ಕೇ ವಿವರ ಬರೆಯಬೇಕು: ಕೆಲಸ ಯಾವುದು, ತೋಟ ಎಲ್ಲಿ, ಮರ ಎಷ್ಟು, ಯಾವ ದಿನದೊಳಗೆ. ಕೂಡಲೇ ಗುಮಾಸ್ತನ ಉತ್ತರ: "ನಂಬರು 47 ದಾಖಲಾಯಿತು." ಸಂಘದ ಕಾರ್ಯದರ್ಶಿಗಳು ಪಟ್ಟಿ ತೆರೆದು 47ನೆಯ ಚೀಟಿಗೆ ಎರಡನೆಯ ತಂಡದ ಮೇಸ್ತ್ರಿಯ ಹೆಸರು ಮತ್ತು ಸೋಮವಾರದ ದಿನಾಂಕ ಹಾಕಿದೊಡನೆ ಗುಂಪಿನಲ್ಲಿ "47: ಎರಡನೆಯ ತಂಡ, ಸೋಮವಾರ" ಎಂದು ಬರುತ್ತದೆ. ಮೇಸ್ತ್ರಿ ತನ್ನ ಫೋನಿನಲ್ಲಿ ಒಪ್ಪಿಗೆ ಒತ್ತಬೇಕು. ಅವನು ಒತ್ತುವವರೆಗೆ ಚೀಟಿ "ನಡೆಯುತ್ತಿರುವುದು" ಎಂಬ ಕಂಬಕ್ಕೆ ಹೋಗಕೂಡದು. ಇದೇ ನಮ್ಮ ಲೈನ್ ಕ್ಲಿಯರ್.

ಭಾನುವಾರ ಸಂಜೆ ಮಳೆ ಹೊಯ್ಯಿತು ಎನ್ನಿ. ಮೇಸ್ತ್ರಿ ಚೀಟಿಯ ದಿನವನ್ನು ಬುಧವಾರಕ್ಕೆ ಬದಲಿಸಿ "ಮಳೆ" ಎಂದು ಕಾರಣ ಬರೆಯುತ್ತಾನೆ. ಆ ಸುದ್ದಿ ತಾನಾಗಿ ಗುಂಪಿಗೆ ಬರುತ್ತದೆ. ಯಜಮಾನರು ಸೋಮವಾರ ಬೆಳಿಗ್ಗೆ ಮೈಲುತುತ್ತು ಕರಗಿಸುವ ಮೊದಲೇ ವಿಷಯ ತಿಳಿಯುತ್ತದೆ. ದ್ರಾವಣವೂ ಉಳಿಯಿತು, ಮನಸ್ತಾಪವೂ ತಪ್ಪಿತು. ಮೊದಲ ಸಿಂಪಡಣೆ ಮುಗಿದ ಚೀಟಿಯಿಂದಲೇ 40 ದಿನಗಳ ನಂತರದ ಎರಡನೆಯ ಸಿಂಪಡಣೆಗೆ ಹೊಸ ಚೀಟಿ ಹುಟ್ಟುವಂತೆ ಏರ್ಪಡಿಸಿಕೊಳ್ಳಬಹುದು. ಆಗ ಎರಡನೆಯ ಸರದಿಗೆ ಯಾರೂ ನೆನಪಿಸಬೇಕಾಗಿಲ್ಲ.

ಕಾಫಿ ಬೆಳೆಗಾರರಿಗೂ ಇದು ಅಷ್ಟೇ ಉಪಯುಕ್ತ. ಹೂಮಳೆ ಕೈಕೊಟ್ಟ ವರ್ಷ ರೊಬಸ್ಟಾ ತೋಟಗಳಿಗೆ ಸ್ಪ್ರಿಂಕ್ಲರಿನ ನೀರು ಬೇಕು. ಎಲ್ಲರಿಗೂ ಒಂದೇ ವಾರದಲ್ಲಿ ಬೇಕು. ಸಂಘದಲ್ಲಿರುವ ಪಂಪ್‌ಸೆಟ್ಟುಗಳು ಎರಡೋ ಮೂರೋ. ಮೊದಲು ಕೇಳಿದವರು ಯಾರು, ಪಂಪು ಈಗ ಯಾರ ತೋಟದಲ್ಲಿದೆ, ಯಾವಾಗ ಬಿಡುಗಡೆ ಎಂಬುದು ಎಲ್ಲರ ಕಣ್ಣಿಗೂ ಕಾಣುವ ಪಟ್ಟಿಯಲ್ಲಿದ್ದರೆ "ಅಧ್ಯಕ್ಷರ ನೆಂಟರಿಗೆ ಮೊದಲು ಹೋಯಿತು" ಎಂಬ ಗುಸುಗುಸುವಿಗೆ ಆಸ್ಪದವಿರುವುದಿಲ್ಲ. ನಿಜಕ್ಕೂ ಹಾಗೆ ಹೋಗಿದ್ದರೆ ಅದೂ ಎಲ್ಲರಿಗೂ ಕಾಣುತ್ತದೆ!

ಹಂಗಾಮು ಮುಗಿದ ಮೇಲೆ ಈ ಪಟ್ಟಿ ಇನ್ನೊಂದು ಉಪಕಾರ ಮಾಡುತ್ತದೆ. ಯಾವ ವಾರದಲ್ಲಿ ಎಷ್ಟು ಬೇಡಿಕೆ ಬಂತು, ಎಷ್ಟು ಮುಂದಕ್ಕೆ ಹೋಯಿತು, ಯಾವ ಹಳ್ಳಿಯ ಕೆಲಸ ಹೆಚ್ಚು ತಡವಾಯಿತು ಎಂಬ ಲೆಕ್ಕ ಕೂಡಲೇ ಸಿಗುತ್ತದೆ. ಮುಂದಿನ ವರ್ಷ ನಾಲ್ಕನೆಯ ತಂಡ ಬೇಕೇ, ಮೂರೇ ಸಾಕೇ ಎಂದು ಆಡಳಿತ ಮಂಡಳಿ ತೀರ್ಮಾನಿಸಲು ಇದಕ್ಕಿಂತ ಒಳ್ಳೆಯ ಆಧಾರ ಬೇರಿಲ್ಲ.

ಪಾಲಿಸಬೇಕಾದ ಎಚ್ಚರಿಕೆಗಳು

ಒಂದು: ಗಂಟೆ ಹೆಚ್ಚು ಬಾರಿಸಬಾರದು. ಚೀಟಿಯಲ್ಲಿ ಒಂದು ಅಕ್ಷರ ತಿದ್ದಿದರೂ ಗುಂಪಿಗೆ ಸುದ್ದಿ ಬರುವಂತೆ ಮಾಡಿದರೆ ಎರಡೇ ದಿನದಲ್ಲಿ ಸದಸ್ಯರು ಗುಂಪಿನ ಬಾಯಿ ಮುಚ್ಚಿಸುತ್ತಾರೆ. ಹೊಸ ಕೆಲಸ, ದಿನದ ಬದಲಾವಣೆ, ಮುಗಿದ ವಾರ್ತೆ, ಈ ಮೂರು ಸಾಕು. ಬೆಳಿಗ್ಗೆ 6 ಗಂಟೆಗೆ ಆ ದಿನದ ಕೆಲಸಗಳ ಪಟ್ಟಿ ಒಮ್ಮೆ ಬಂದರೆ ಇನ್ನೂ ಒಳ್ಳೆಯದು.

ಎರಡು: ಒಂದು ಕೆಲಸಕ್ಕೆ ಒಂದೇ ಹೆಸರು. "ಹೊಣೆ: ಸಂಘ" ಎಂದು ಬರೆದರೆ ಯಾರ ಹೊಣೆಯೂ ಅಲ್ಲವೆಂದೇ ಅರ್ಥ. ಹತ್ತು ಜನ ಮಾಡುವ ಕೆಲಸಕ್ಕೂ ಉತ್ತರ ಹೇಳುವವರು ಒಬ್ಬರಿರಬೇಕು.

ಮೂರು: ಫೋನಿಲ್ಲದ ಸದಸ್ಯರನ್ನು ಮರೆಯಬಾರದು. ಹಿರಿಯರು, ಒಂಟಿಯಾಗಿರುವ ಅಮ್ಮಂದಿರು, ಸಿಗ್ನಲ್ ಸಿಗದ ಕಣಿವೆಯ ಮನೆಯವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರು ಕಚೇರಿಗೆ ಬಂದು ಹೇಳಿದರೂ, ಯಾರ ಕೈಯಲ್ಲಾದರೂ ಹೇಳಿಕಳಿಸಿದರೂ ಕಚೇರಿಯವರೇ ಪಟ್ಟಿಗೆ ಏರಿಸಿ, ನಂಬರನ್ನು ಅವರಿಗೆ ಬಾಯಲ್ಲಿ ಹೇಳಿ, ಸಾಧ್ಯವಾದರೆ ಚೀಟಿಯಲ್ಲಿ ಬರೆದು ಕೊಡಬೇಕು. ವಾಡಿ ದಾರಿಯ ಗೇಟ್‌ಮನ್‌ಗೆ ಗಣಕಯಂತ್ರ ಬೇಕಾಗಲಿಲ್ಲ. ಒಂದು ಅಂಕಿ ಸಾಕಾಯಿತು.

ನಾಲ್ಕು: ಕರೆಂಟು ಹೋದ ದಿನಕ್ಕೆ ಪುಸ್ತಕ ಇರಲಿ. ನಮ್ಮ ಮಳೆಗಾಲದಲ್ಲಿ ಮೂರು ದಿನ ಕರೆಂಟೂ ನೆಟ್‌ವರ್ಕೂ ಇಲ್ಲದಿರುವುದು ಹೊಸತಲ್ಲ. ಯಂತ್ರ ಕೆಟ್ಟಾಗ ರೈಲ್ವೆಯವರು ಕಾಗದದ ಚೀಟಿಗೆ ಇಳಿಯುವಂತೆ ನಾವೂ ಕಾರ್ಬನ್ ಪ್ರತಿಯ ಪುಸ್ತಕಕ್ಕೆ ಇಳಿಯಬೇಕು. ಪುಸ್ತಕದಲ್ಲಿಯೂ ಅದೇ ನಂಬರಿನ ಸರಣಿ ಮುಂದುವರಿಯಲಿ. ಕರೆಂಟು ಬಂದ ಮೇಲೆ ಪಟ್ಟಿಗೆ ಏರಿಸೋಣ.

ಐದು: ಗುಂಪಿನ ಮಾತು ನಿರ್ಣಯವಲ್ಲ. ದರ ನಿಗದಿ, ಖರೀದಿ, ನೇಮಕ ಮುಂತಾದವು ಆಡಳಿತ ಮಂಡಳಿಯ ಸಭೆಯಲ್ಲಿ ಚರ್ಚೆಯಾಗಿ ನಡವಳಿ ಪುಸ್ತಕಕ್ಕೆ ಏರಬೇಕು. ಗುಂಪಿನಲ್ಲಿ ನಾಲ್ಕು ಜನ ಹೆಬ್ಬೆರಳಿನ ಚಿತ್ರ ಒತ್ತಿದ ಮಾತ್ರಕ್ಕೆ ಅದು ಸಂಘದ ತೀರ್ಮಾನವಾಗದು.

ಆರು: ಸದಸ್ಯರ ಗುಟ್ಟು ಕಾಪಾಡಬೇಕು. ಸಾಲದ ಬಾಕಿ, ಬ್ಯಾಂಕಿನ ಖಾತೆ, ಆಧಾರ್ ಸಂಖ್ಯೆ ಇವು ಎಲ್ಲರೂ ನೋಡುವ ಪಟ್ಟಿಯಲ್ಲಿ ಇರಕೂಡದು. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದೇ ಸಂಸತ್ತು 2023ರಲ್ಲಿ ಕಾಯ್ದೆ ಮಾಡಿರುವುದನ್ನು ಕಾರ್ಯದರ್ಶಿಗಳು ನೆನಪಿನಲ್ಲಿಡಬೇಕು. ಪಟ್ಟಿಗೆ ಬೇಕಾದದ್ದು ಕೆಲಸದ ವಿವರ, ಮನೆಯ ವಿವರವಲ್ಲ.

ಎಲ್ಲಿಂದ ಆರಂಭಿಸಬೇಕು?

ಹಣದ ಚಿಂತೆ ಮೊದಲಿಗೆ ಬೇಡ. ಮೇಲೆ ಹೇಳಿದ ತಂತ್ರಾಂಶಗಳಲ್ಲಿ ಕೆಲವು ಸಣ್ಣ ತಂಡಗಳಿಗೆ ಉಚಿತವಾಗಿಯೇ ಸಿಗುತ್ತವೆ. ಚೀಟಿಗಳನ್ನು ಕನ್ನಡದಲ್ಲಿಯೇ ಬರೆಯಬಹುದು. ಜೋಡಣೆಯನ್ನು ಮಾಡಿಕೊಡಬಲ್ಲ ಯುವಕ ಯುವತಿಯರು ಇಂದು ಪ್ರತಿ ಊರಿನಲ್ಲಿಯೂ ಇದ್ದಾರೆ. ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಮನೆಮಕ್ಕಳನ್ನು ಒಂದು ಮಧ್ಯಾಹ್ನ ಕಚೇರಿಯಲ್ಲಿ ಕೂರಿಸಿಕೊಂಡರೆ ಮುಗಿಯುವ ಕೆಲಸ.

ಕಷ್ಟವಿರುವುದು ಅಭ್ಯಾಸದಲ್ಲಿ. ಆದ್ದರಿಂದ ಎಲ್ಲ ಕೆಲಸವನ್ನೂ ಒಮ್ಮೆಗೇ ಪಟ್ಟಿಗೆ ಸುರಿಯಬೇಡಿ. ಒಂದು ಕೆಲಸ ಆರಿಸಿಕೊಳ್ಳಿ, ಅದು ಬೋರ್ಡೋ ಸಿಂಪಡಣೆಯಾಗಲಿ, ಸ್ಪ್ರಿಂಕ್ಲರ್ ಬಾಡಿಗೆಯಾಗಲಿ. ಒಂದು ಹಂಗಾಮು ನಡೆಸಿ ನೋಡಿ. ತಂತ್ರಾಂಶ ಕೊಳ್ಳುವುದಕ್ಕೂ ಮೊದಲು, ನಂಬರಿಲ್ಲದ ಕೆಲಸಕ್ಕೆ ಸಂಘ ಹೊಣೆಯಲ್ಲ, ನಂಬರು ಕೊಟ್ಟ ಕೆಲಸವನ್ನು ಸಂಘ ಕೈಬಿಡುವುದಿಲ್ಲ ಎಂಬ ನಿಯಮವನ್ನು ಮಂಡಳಿಯಲ್ಲಿ ಒಪ್ಪಿ ಎಲ್ಲರಿಗೂ ತಿಳಿಸಿ. ಈ ನಿಯಮ ಬೇರೂರಿದರೆ ತಂತ್ರಾಂಶ ಯಾವುದಾದರೂ ನಡೆದೀತು. ನಿಯಮವಿಲ್ಲದೆ ಎಷ್ಟು ಬೆಲೆಯ ತಂತ್ರಾಂಶ ತಂದರೂ ಅದು ಇನ್ನೊಂದು ಹರಟೆಯ ಕಟ್ಟೆಯಾದೀತು.

ಮುಂಗಾರು ಯಾರಿಗೂ ಕಾಯುವುದಿಲ್ಲ. ಈ ವರ್ಷದ ಸಿಂಪಡಣೆಯ ಬೇಡಿಕೆಗಳು ಬರತೊಡಗುವ ಮುನ್ನ ನಿಮ್ಮ ಸಂಘದ ಆಡಳಿತ ಮಂಡಳಿಯ ಸಭೆಯಲ್ಲಿ ಈ ವಿಷಯವನ್ನು ಮಂಡಿಸಬೇಕೆಂದು ನಾವು ಎಲ್ಲ ಕಾರ್ಯದರ್ಶಿಗಳನ್ನೂ ನಿರ್ದೇಶಕರನ್ನೂ ಕೇಳಿಕೊಳ್ಳುತ್ತೇವೆ. ಅಲ್ಲಿಯವರೆಗೆ, ಸದಸ್ಯರು ಗುಂಪಿನಲ್ಲಿ ಏನಾದರೂ ಕೇಳಿದಾಗ "ಆಯ್ತು" ಎಂದು ಬರೆದು ಸುಮ್ಮನಾಗದೆ, ಅದರ ಮುಂದೆ ಒಂದು ನಂಬರು, ಒಂದು ಹೆಸರು, ಒಂದು ದಿನಾಂಕ ಬರೆಯುವ ರೂಢಿಯನ್ನಾದರೂ ಇಂದೇ ಆರಂಭಿಸಬಹುದು. ಅದಕ್ಕೆ ಯಾವ ತಂತ್ರಾಂಶವೂ ಬೇಕಿಲ್ಲ.